ದಡದಿಂದ ಬಂಗುಡೆ ಹಿಡಿಯುವುದು: ಮೂರು ಸಲ ಬರಿಗೈ, ಎಲ್ಲಿ ತಪ್ಪುತ್ತಿದ್ದೇನೆ?

ಮೊದಲಗಾಳ
ಭಾನುವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ಗಾಳ ಕೈಗೆತ್ತಿಕೊಂಡು ಇನ್ನೂ ಎರಡು ತಿಂಗಳು ತುಂಬಿಲ್ಲ. ದಡದಿಂದ ಹಿಡಿಯುವುದಾದರೆ ಬಂಗುಡೆಯಿಂದಲೇ ಆರಂಭಿಸು, ಹೊಸಬರಿಗೂ ಒಲಿಯುವ ಮೀನು ಅದು ಎಂದು ಹಲವರು ಹೇಳಿದ್ದರು. ಮೂರು ಭಾನುವಾರ ಹೋದೆ. ಮೂರು ಸಲವೂ ಬರಿಗೈಯಲ್ಲಿ ಹಿಂತಿರುಗಿದೆ.

ನನ್ನ ಬಳಿ ಹತ್ತು ಅಡಿಯ ರಾಡ್, ಸಾಧಾರಣ ಸ್ಪಿನ್ನಿಂಗ್ ರೀಲ್, 15 ಪೌಂಡ್ ತಾಳುವ ನೈಲಾನ್ ದಾರ, ಆರು ಗಾಳಗಳಿರುವ ಗರಿಸರ (ಗರಿ ಕಟ್ಟಿದ ಗಾಳಗಳ ಸರ) ಮತ್ತು 85 ಗ್ರಾಂ ತೂಕದ ಸೀಸ ಇವೆ. ನಿಲ್ಲುವುದು ಬ್ರೇಕ್‌ವಾಟರಿನ (ಅಲೆ ತಡೆಯುವ ಕಲ್ಲಿನ ಕಟ್ಟೆ) ತುದಿಯಲ್ಲಿ, ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ. ಶಕ್ತಿ ಮೀರಿ ದೂರ ಎಸೆಯುತ್ತೇನೆ, ಸೀಸ ನೀರಿಗೆ ಬಿದ್ದ ಕೂಡಲೇ ಸುತ್ತಲು ಶುರು ಮಾಡುತ್ತೇನೆ.

ಬೇಸರವಾಗಿದ್ದು ಇವತ್ತು. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದ ಹಿರಿಯರೊಬ್ಬರಿಗೆ ಅರ್ಧ ಗಂಟೆಯಲ್ಲಿ ಎಂಟು ಬಂಗುಡೆ ಸಿಕ್ಕವು. ಅವರು ನನಗಿಂತ ಹತ್ತಿರಕ್ಕೇ ಎಸೆಯುತ್ತಿದ್ದರು. ಕೇಳಲು ಸಂಕೋಚವಾಯಿತು. ಕೊನೆಗೆ ಇನ್ನೂ ದೂರ ಎಸೆಯಲು ಹೋಗಿ ದಾರ ಕಡಿದು, ಸೀಸವೂ ಗರಿಸರವೂ ಹಾರಿಹೋದವು.

ಉದ್ದದ ರಾಡ್ ಕೊಂಡರೆ ಪ್ರಯೋಜನವಾದೀತೆ? ತಿಳಿದವರು ದಯವಿಟ್ಟು ಹೇಳಿ.


ಬಂಡೆಯಂಚು
ಭಾನುವಾರ, ರಾತ್ರಿ 9:48

ರಾಡ್ ಕೊಳ್ಳಬೇಡಿ. ನಿಮಗೆ ಬೇಕಾದ ಉತ್ತರ ನೀವೇ ಬರೆದಿರುವ ಒಂದು ಸಾಲಿನಲ್ಲಿದೆ: ಅವರು ನಿಮಗಿಂತ ಹತ್ತಿರಕ್ಕೆ ಎಸೆಯುತ್ತಿದ್ದರು.

ದಡದಿಂದ ಬಂಗುಡೆ ಹಿಡಿಯುವವರು ಮೊದಲು ಕಲಿಯಬೇಕಾದದ್ದು ಆಳ. ಹೊಸಬರೆಲ್ಲ ದೂರದ ಬೆನ್ನು ಹತ್ತುತ್ತಾರೆ. ಈ ಮೀನು ತಳದಲ್ಲಿ ಕಲ್ಲಿನ ಸಂದಿ ಹಿಡಿದು ಕೂರುವುದಿಲ್ಲ. ಹಿಂಡುಗಟ್ಟಿಕೊಂಡು ನೀರಿನ ನಡುವೆ ಎಲ್ಲೋ ಒಂದು ಮಟ್ಟದಲ್ಲಿ ಸಾಗುತ್ತದೆ. ಆ ಮಟ್ಟ ಇವತ್ತು ಎರಡು ಮೀಟರ್ ಇರಬಹುದು, ನಾಳೆ ಎಂಟು ಮೀಟರ್ ಇರಬಹುದು, ಒಂದೇ ಗಂಟೆಯಲ್ಲಿ ಬದಲಾಗಲೂಬಹುದು. ಸೀಸ ಬಿದ್ದ ಕೂಡಲೇ ಸುತ್ತಿದರೆ ನಿಮ್ಮ ಗರಿಗಳು ನೀರಿನ ಮೇಲ್ಪದರದಲ್ಲೇ ಓಡಿ ಬರುತ್ತವೆ. ಕೆಳಗೆ ಹಿಂಡೇ ಹಾದುಹೋದರೂ ನಿಮಗೆ ಗೊತ್ತಾಗುವುದಿಲ್ಲ.

ಮುಂದಿನ ಸಲ ಹೀಗೆ ಮಾಡಿ. ಸಾಧಾರಣ ದೂರಕ್ಕೆ ಎಸೆಯಿರಿ. ಸೀಸ ನೀರಿಗೆ ಬಿದ್ದ ಮೇಲೂ ರೀಲಿನ ಕಂಬಿಯನ್ನು (ದಾರ ಕಳಚದಂತೆ ತಡೆಯುವ ಬಾಗಿದ ತಂತಿ) ಮುಚ್ಚಬೇಡಿ. ಸೀಸ ಮುಳುಗುತ್ತಿರುವಷ್ಟು ಹೊತ್ತು ದಾರ ಸ್ಪೂಲಿನಿಂದ, ಅಂದರೆ ಅದನ್ನು ಸುತ್ತಿಟ್ಟ ಉರುಳೆಯಿಂದ, ಸುರುಳಿ ಸುರುಳಿಯಾಗಿ ಕಳಚುತ್ತಿರುತ್ತದೆ. ತೋರುಬೆರಳನ್ನು ಸ್ಪೂಲಿನ ಅಂಚಿಗೆ ಹಗುರವಾಗಿ ತಾಗಿಸಿಕೊಂಡರೆ ಒಂದೊಂದು ಸುರುಳಿಯೂ ಬೆರಳನ್ನು ಸವರಿಕೊಂಡು ಹೋಗುವುದು ತಿಳಿಯುತ್ತದೆ. ಮನಸ್ಸಿನಲ್ಲಿ ಒಂದೇ ವೇಗದಲ್ಲಿ ಎಣಿಸುತ್ತಾ ಹೋಗಿ. ಒಂದು ಹಂತದಲ್ಲಿ ಸುರುಳಿ ಕಳಚುವುದು ನಿಲ್ಲುತ್ತದೆ, ದಾರ ಸಡಿಲವಾಗಿ ನೀರಿನ ಮೇಲೆ ಮಲಗುತ್ತದೆ. ಅದೇ ತಳ. ಆಗ ನಿಮ್ಮ ಎಣಿಕೆ ಹನ್ನೆರಡು ಎಂದಿಟ್ಟುಕೊಳ್ಳಿ.

ಎರಡನೆಯ ಎಸೆತದಲ್ಲಿ ಹತ್ತಕ್ಕೆ ಕಂಬಿ ಮುಚ್ಚಿ ಸುತ್ತಿ. ಮೂರನೆಯದರಲ್ಲಿ ಎಂಟಕ್ಕೆ, ಆಮೇಲೆ ಆರಕ್ಕೆ, ನಾಲ್ಕಕ್ಕೆ. ಮೀನು ತಾಗಿದ ಎಣಿಕೆಯನ್ನು ನೆನಪಿಟ್ಟುಕೊಳ್ಳಿ, ಮುಂದಿನ ಎಸೆತಗಳೆಲ್ಲ ಅದೇ ಎಣಿಕೆಗೆ. ಮೀನು ನಿಂತುಹೋದರೆ ಹಿಂಡು ದೂರ ಹೋಯಿತು ಎಂದುಕೊಳ್ಳುವ ಮೊದಲು ಎರಡು ಎಣಿಕೆ ಮೇಲೆ, ಎರಡು ಎಣಿಕೆ ಕೆಳಗೆ ಹುಡುಕಿ.

ಇನ್ನೊಂದು ಮಾತು. ಆ ಹಿರಿಯರನ್ನು ಕೇಳಿ. ದಡದಲ್ಲಿ ನಿಂತವರಲ್ಲಿ ಹೆಚ್ಚಿನವರು ಕೇಳಿದರೆ ಸಂತೋಷದಿಂದ ಹೇಳುತ್ತಾರೆ. "ಎಷ್ಟು ಎಣಿಸುತ್ತಿದ್ದೀರಿ?" ಎಂಬ ಒಂದೇ ಪ್ರಶ್ನೆ ಸಾಕು.


ಹಗ್ಗಗಂಟು
ಭಾನುವಾರ, ರಾತ್ರಿ 10:20

ಮೀನಿನ ವಿಷಯ ಬಂಡೆಯಂಚು ಅವರು ಹೇಳಿದ್ದಾರೆ. ನನಗೆ ಕಳವಳ ತಂದದ್ದು ಹಾರಿಹೋದ ಸೀಸ. ಅದು ನೀರಿನ ಕಡೆಗೇ ಹಾರಿದ್ದು ಅದೃಷ್ಟ. ಎಸೆತದ ನಡುವೆ ದಾರ ಕಡಿದರೆ 85 ಗ್ರಾಂ ಸೀಸ ಯಾವ ದಿಕ್ಕಿಗಾದರೂ ಹೋಗಬಹುದು. ಪಕ್ಕದವರ ತಲೆಗೆ ತಾಗಿದರೆ ಪ್ರಾಣಕ್ಕೇ ಅಪಾಯ.

ನಿಮ್ಮ 15 ಪೌಂಡ್ ದಾರ ಮೀನನ್ನು ಎಳೆಯಲು ಬೇಕಾದಷ್ಟಾಯಿತು, ಸೀಸವನ್ನು ಬೀಸಿ ಎಸೆಯಲು ಸಾಲದು. ಎಸೆಯುವ ಕ್ಷಣದ ಎಳೆತ ಬಹಳ ದೊಡ್ಡದು. ಅದಕ್ಕಾಗಿಯೇ ಮುಖ್ಯ ದಾರದ ತುದಿಗೆ ದಪ್ಪ ದಾರದ ತುಂಡೊಂದನ್ನು ಕಟ್ಟುತ್ತಾರೆ, ಅದಕ್ಕೆ ಶಾಕ್ ಲೀಡರ್ ಎಂದು ಹೆಸರು. ದಡದಲ್ಲಿ ಎಲ್ಲರೂ ಪಾಲಿಸುವ ಲೆಕ್ಕ ಸರಳವಾಗಿದೆ: ಪ್ರತಿ ಒಂದು ಔನ್ಸ್ ಸೀಸಕ್ಕೆ, ಅಂದರೆ ಸುಮಾರು 28 ಗ್ರಾಂಗೆ, 10 ಪೌಂಡ್ ತಾಳುವ ಲೀಡರ್. ನಿಮ್ಮದು ಮೂರು ಔನ್ಸ್, ಆದ್ದರಿಂದ 30 ಪೌಂಡಿಗೆ ಕಡಿಮೆಯಾಗಬಾರದು.

ಉದ್ದವೂ ಮುಖ್ಯ. ಎಸೆಯಲು ಸಿದ್ಧವಾಗಿ ನಿಂತಾಗ ಸೀಸದಿಂದ ರಾಡಿನ ತುದಿಗೆ, ಅಲ್ಲಿಂದ ರೀಲಿನವರೆಗೆ ಇಳಿದು, ಸ್ಪೂಲಿನ ಮೇಲೂ ಆರೇಳು ಸುತ್ತು ಲೀಡರ್ ಇರಬೇಕು. ಹತ್ತು ಅಡಿ ರಾಡಿಗೆ ಎಂಟು ಮೀಟರ್ ಸಾಕು. ಎರಡು ದಾರಗಳನ್ನು ಸೇರಿಸಲು ಡಬಲ್ ಯೂನಿ ಗಂಟು ಕಲಿಯಿರಿ. ಬಿಗಿಯುವ ಮುನ್ನ ಗಂಟನ್ನು ನೀರಿನಿಂದ ಒದ್ದೆ ಮಾಡಿ. ಒಣ ನೈಲಾನ್ ಉಜ್ಜಿಕೊಂಡು ಬಿಸಿಯಾದರೆ ಅಲ್ಲೇ ಅದರ ಶಕ್ತಿ ಸೋರಿಹೋಗುತ್ತದೆ, ಕಣ್ಣಿಗೆ ಕಾಣುವುದಿಲ್ಲ.

ಪ್ರತಿ ಎಸೆತಕ್ಕೂ ಮುನ್ನ ಹಿಂದೆ ತಿರುಗಿ ನೋಡಿ. ಹತ್ತನೆಯ ಸಲವೂ ನೋಡಿ, ನೂರನೆಯ ಸಲವೂ ನೋಡಿ. ಮಕ್ಕಳು ಸದ್ದಿಲ್ಲದೆ ಬಂದು ನಿಂತಿರುತ್ತಾರೆ.


ಬೆಳ್ಳಿಚಮಚ
ಸೋಮವಾರ, ಬೆಳಿಗ್ಗೆ 7:05

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಗರಿಸರವನ್ನೇ ಬಿಟ್ಟುಬಿಡಿ. 20ರಿಂದ 40 ಗ್ರಾಂ ತೂಕದ ಒಂದು ಲೋಹದ ಲೂರ್, ಅಂದರೆ ಮೀನನ್ನು ಸೆಳೆಯುವ ಕೃತಕ ಎರೆ, ಸಾಕು. ಚಿಕ್ಕ ಮೀನಿನಂತೆ ಉದ್ದವಾಗಿ, ಹೊಳೆಯುವಂತೆ ಇರಲಿ. ರಾಡ್ ಹಗುರವಾಗುತ್ತದೆ, ಕೈ ಸೋಲುವುದಿಲ್ಲ, ಒಂದೇ ಮೀನು ಬಂದರೂ ಅದರ ಓಟ ಪೂರ್ತಿಯಾಗಿ ಕೈಗೆ ಬರುತ್ತದೆ. ಬಂಗುಡೆ ತನ್ನ ಗಾತ್ರಕ್ಕೆ ಮೀರಿ ಎಳೆಯುವ ಮೀನು. ಸೀಸದ ಭಾರದಡಿ ಸಿಕ್ಕಿಸಿ ಹಗ್ಗ ಎಳೆದಂತೆ ಎಳೆದರೆ ಅದರ ಸೊಗಸೇ ತಿಳಿಯುವುದಿಲ್ಲ.

ಎಣಿಸುವ ಕ್ರಮ ಲೂರಿಗೂ ಹಾಗೆಯೇ ಹೊಂದುತ್ತದೆ. ಒಂದೇ ವೇಗದಲ್ಲಿ ಸುತ್ತಬೇಡಿ. ನಾಲ್ಕು ಸುತ್ತು ಬೇಗ, ಒಂದು ಕ್ಷಣ ನಿಲ್ಲಿಸಿ, ಮತ್ತೆ ನಾಲ್ಕು ಸುತ್ತು. ಮುಕ್ಕಾಲು ಪಾಲು ಹೊಡೆತ ಬೀಳುವುದು ನಿಲ್ಲಿಸಿದಾಗ, ಲೂರ್ ಓಲಾಡುತ್ತಾ ಇಳಿಯುವಾಗ.


ಬಂಡೆಯಂಚು
ಸೋಮವಾರ, ಬೆಳಿಗ್ಗೆ 8:30

ಬೆಳ್ಳಿಚಮಚ ಅವರೇ, ಲೂರಿನ ಸೊಗಸು ನಾನೂ ಒಪ್ಪುತ್ತೇನೆ. ಆದರೆ ಮೂರು ಸಲ ಬರಿಗೈಯಲ್ಲಿ ಹೋದವರಿಗೆ ಮೊದಲು ಒಂದು ಮೀನು ಸಿಗಬೇಕು. ಗರಿಸರದಲ್ಲಿ ಗಾಳಗಳು ಒಂದರ ಮೇಲೊಂದು ತೂಗುವುದರಿಂದ ಒಂದೇ ಎಸೆತದಲ್ಲಿ ಎರಡು ಮೂರು ಮಟ್ಟಗಳನ್ನು ಹುಡುಕಿದಂತಾಗುತ್ತದೆ. ಆಳ ಇನ್ನೂ ಕೈಗೆ ಬಾರದವರಿಗೆ ಅದು ದೊಡ್ಡ ಸಹಾಯ.

ಒಂದು ಷರತ್ತು ಮಾತ್ರ ಹಾಕುತ್ತೇನೆ: ಆರು ಗಾಳ ಬೇಡ, ಮೂರು ಸಾಕು. ಅಂಗಡಿಯ ಸರವನ್ನು ನಡುವೆ ಕತ್ತರಿಸಿ, ಎರಡು ತುದಿಗೂ ಸ್ವಿವೆಲ್ (ದಾರ ಹೊಸೆಯದಂತೆ ತಿರುಗುವ ಪುಟ್ಟ ಕೊಂಡಿ) ಕಟ್ಟಿದರೆ ಎರಡು ಸರ ಸಿಗುತ್ತವೆ. ಆರು ಗಾಳಗಳಿಗೂ ಮೀನು ಬಿದ್ದ ದಿನ ಏನಾಗುತ್ತದೆ ಎಂದು ನನಗೆ ಗೊತ್ತು. ಆರು ಮೀನುಗಳು ಒಟ್ಟಿಗೆ ಒದ್ದಾಡುತ್ತವೆ, ಒಂದನ್ನು ಬಿಡಿಸಲು ಕೈ ಹಾಕಿದಾಗ ಅದರ ಮೇಲಿನ ಮೀನು ಜಿಗಿಯುತ್ತದೆ, ಖಾಲಿ ಗಾಳ ಬೆರಳಿಗೆ ನಾಟುತ್ತದೆ, ಆ ಗಾಳವನ್ನು ಇನ್ನೊಂದು ಮೀನು ಎಳೆಯುತ್ತಲೇ ಇರುತ್ತದೆ. ಹೆಬ್ಬೆರಳಿನ ಬುಡದಲ್ಲಿ ಅದರ ಗುರುತು ಇನ್ನೂ ಇದೆ. ಅಂದಿನಿಂದ ಮೂರಕ್ಕಿಂತ ಹೆಚ್ಚು ಗಾಳ ಕಟ್ಟಿಲ್ಲ.

ಗಾಳದ ತುದಿಯಲ್ಲಿ ಹಿಮ್ಮುಖವಾಗಿರುವ ಒಳಮುಳ್ಳನ್ನು ಇಕ್ಕಳದಿಂದ ಅದುಮಿಬಿಡಿ. ದಾರ ಬಿಗಿಯಾಗಿದ್ದರೆ ಮೀನು ತಪ್ಪುವುದಿಲ್ಲ, ಬಿಡಿಸುವುದು ಎರಡು ಕ್ಷಣದ ಕೆಲಸವಾಗುತ್ತದೆ. ಒಳಮುಳ್ಳಿರುವ ಗಾಳ ಮಾಂಸದೊಳಗೆ ಆಳಕ್ಕೆ ನಾಟಿದರೆ ಕಿತ್ತೆಳೆಯಬೇಡಿ, ವೈದ್ಯರ ಬಳಿಗೆ ಹೋಗಿ.

ರಾಡ್ ಆಡಿಸುವ ಬಗೆಯನ್ನು ನಿನ್ನೆ ಬರೆಯಲಿಲ್ಲ. ತುದಿಯನ್ನು ನಿಧಾನವಾಗಿ ತಲೆಯ ಮಟ್ಟದವರೆಗೆ ಎತ್ತಿ, ಆಮೇಲೆ ಇಳಿಸುತ್ತಾ ಸಡಿಲವಾದ ದಾರವನ್ನಷ್ಟೇ ಸುತ್ತಿಕೊಳ್ಳಿ. ಮತ್ತೆ ಎತ್ತಿ, ಮತ್ತೆ ಇಳಿಸಿ. ಗರಿಗಳು ಹೆದರಿದ ಮರಿಮೀನುಗಳಂತೆ ಮೇಲೇರಿ ಇಳಿಯುತ್ತವೆ. ಕೆಲವು ಸಲ ಜಗ್ಗಿದ ಅನುಭವವೇ ಆಗುವುದಿಲ್ಲ, ದಾರ ಇದ್ದಕ್ಕಿದ್ದಂತೆ ಸಡಿಲವಾಗುತ್ತದೆ. ಸೀಸ ಕಡಿದುಹೋಯಿತೇನೋ ಎಂದು ಹೊಸಬರು ರಾಡ್ ಇಳಿಸಿಬಿಡುತ್ತಾರೆ. ನಿಜವಾಗಿ ಮೀನು ಸೀಸವನ್ನೇ ಹೊತ್ತುಕೊಂಡು ಮೇಲೆ ಬರುತ್ತಿರುತ್ತದೆ. ತಕ್ಷಣ ಬೇಗ ಬೇಗ ಸುತ್ತಿ.


ಕಲ್ಲುಹೂವು
ಸೋಮವಾರ, ಬೆಳಿಗ್ಗೆ 9:15

ಗರಿಗೆ ಮೀನಿನ ತುಂಡು ಚುಚ್ಚಬೇಕೇ?


ಬಂಡೆಯಂಚು
ಸೋಮವಾರ, ಬೆಳಿಗ್ಗೆ 9:22

ಹಿಂಡು ಇದ್ದಾಗ ಬೇಕಿಲ್ಲ, ಬರಿಯ ಗರಿಗೇ ಬೀಳುತ್ತವೆ. ಮೀನು ಇದ್ದೂ ಹಿಂಜರಿಯುವಾಗ ಬೆರಳುಗುರಿನಷ್ಟು ಅಗಲದ, ಬೆಳ್ಳಿ ಚರ್ಮದ ತೆಳು ಪಟ್ಟಿ ಚುಚ್ಚಿ ನೋಡಿ. ದೊಡ್ಡದಾದರೆ ಗರಿ ತಿರುಗಿಕೊಂಡು ದಾರ ಹೊಸೆದುಹೋಗುತ್ತದೆ.


ನೀಲಿಬೆನ್ನು
ಸೋಮವಾರ, ಸಂಜೆ 6:40

ಮೀನಿನ ಸ್ವಭಾವ ತಿಳಿದರೆ ಈ ಸಲಹೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ನನಗೆ ಈ ಮೀನಿನ ಮೇಲೆ ಬಹಳ ಪ್ರೀತಿ, ಹಾಗಾಗಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ.

ಗರಿಸರದಿಂದ ದಡದಲ್ಲಿ ಹಿಡಿಯುವ ಕ್ರಮ ಬೆಳೆದದ್ದು ಮುಖ್ಯವಾಗಿ ಅಟ್ಲಾಂಟಿಕ್ ಬಂಗುಡೆಯ ಸುತ್ತ. ಅದರ ಶಾಸ್ತ್ರೀಯ ಹೆಸರು ಸ್ಕಾಂಬರ್ ಸ್ಕಾಂಬ್ರಸ್. ಬಹುಪಾಲು ಮೀನುಗಳ ಹೊಟ್ಟೆಯೊಳಗೆ ತೇಲಲು ನೆರವಾಗುವ ಗಾಳಿಚೀಲ ಇರುತ್ತದೆ. ಈ ಮೀನಿಗೆ ಅದಿಲ್ಲ. ಈಜುವುದನ್ನು ನಿಲ್ಲಿಸಿದರೆ ಮುಳುಗುತ್ತದೆ. ಉಸಿರಾಟವೂ ಈಜಿನ ಮೇಲೇ ನಿಂತಿದೆ: ಬಾಯಿ ತೆರೆದು ಮುನ್ನುಗ್ಗಿದಾಗ ಮಾತ್ರ ಕಿವಿರುಗಳ ಮೇಲೆ ಸಾಕಷ್ಟು ನೀರು ಹರಿಯುತ್ತದೆ. ಹುಟ್ಟಿದಂದಿನಿಂದ ಕೊನೆಯವರೆಗೂ ವಿಶ್ರಾಂತಿಯೆಂಬುದೇ ಇಲ್ಲದ ಜೀವ ಅದು. ಗಾಳಿಚೀಲವಿಲ್ಲದ ಕಾರಣ ಒತ್ತಡದ ತೊಡಕಿಲ್ಲದೆ ಮೇಲಕ್ಕೂ ಕೆಳಕ್ಕೂ ಥಟ್ಟನೆ ಹೋಗಬಲ್ಲದು. ಬಂಡೆಯಂಚು ಅವರು ಆಳ ಬದಲಾಗುತ್ತದೆ ಎಂದದ್ದು ಇದಕ್ಕೇ.

ಇನ್ನು ಹೊತ್ತು. ಬಂಗುಡೆ ಬೇಟೆಯನ್ನು ಕಣ್ಣಿನಿಂದ ಹುಡುಕುತ್ತದೆ. ನೀರು ತಿಳಿಯಾಗಿರಬೇಕು. ಎರಡು ದಿನ ದಡದ ಕಡೆಗೆ ಜೋರು ಗಾಳಿ ಬೀಸಿ ನೀರು ಕದಡಿದ್ದರೆ ಆ ದಿನ ಹೋಗಬೇಡಿ. ನಡುಹಗಲಿನ ಬಿಸಿಲಿನಲ್ಲಿ ಹಿಂಡು ಹೆಚ್ಚಾಗಿ ಕೆಳಗಿರುತ್ತದೆ ಇಲ್ಲವೇ ದೂರವಿರುತ್ತದೆ. ನಸುಕಿನಲ್ಲಿ, ಮುಸ್ಸಂಜೆಯಲ್ಲಿ ಚಿಕ್ಕ ಮೀನುಗಳನ್ನು ಅಟ್ಟಿಕೊಂಡು ದಡದ ಹತ್ತಿರ ಬರುತ್ತದೆ. ನೀವು ಹೋಗುತ್ತಿರುವ ಹತ್ತರಿಂದ ಎರಡು ಗಂಟೆ ಎಲ್ಲಕ್ಕಿಂತ ಕಷ್ಟದ ಹೊತ್ತು.

ಎಸೆಯುವ ಮುನ್ನ ಹತ್ತು ನಿಮಿಷ ನೀರು ನೋಡಿ. ಕಡಲಹಕ್ಕಿಗಳು ಒಂದೇ ಕಡೆ ಮೇಲಿಂದ ಧುಮುಕುತ್ತಿದ್ದರೆ ಕೆಳಗೆ ಮರಿಮೀನುಗಳಿವೆ, ಅವುಗಳ ಕೆಳಗೆ ಬೇಟೆಗಾರ ಮೀನಿದೆ. ಗಾಳಿಯಿಲ್ಲದ ನೀರಿನಲ್ಲಿ ಒಂದು ಚಾಪೆಯಗಲ ಜಾಗ ಮಾತ್ರ ಮಳೆಹನಿ ಬಿದ್ದಂತೆ ಕುದಿಯುತ್ತಿದ್ದರೆ ಅದೇ ಹಿಂಡು. ಅದರ ನಡುವಿಗೇ ಎಸೆಯಬೇಡಿ. ಅದು ಸಾಗುವ ದಿಕ್ಕಿಗೆ ಸ್ವಲ್ಪ ಮುಂದೆ ಎಸೆಯಿರಿ.


ಮೊದಲಗಾಳ
ಸೋಮವಾರ, ರಾತ್ರಿ 9:30

ಇಷ್ಟು ಕಾಳಜಿಯಿಂದ ಬರೆದಿದ್ದೀರಿ, ಎಲ್ಲರಿಗೂ ಮನಃಪೂರ್ವಕ ಧನ್ಯವಾದ. ಇವತ್ತು ಸಂಜೆ ಕುಳಿತು ಆರು ಗಾಳದ ಸರವನ್ನು ಎರಡು ಮಾಡಿದೆ, ಒಳಮುಳ್ಳುಗಳನ್ನು ಅದುಮಿದೆ. ಡಬಲ್ ಯೂನಿ ಗಂಟು ಏಳನೆಯ ಸಲಕ್ಕೆ ಸರಿಬಂತು.

ಇನ್ನೆರಡು ಪ್ರಶ್ನೆಗಳಿವೆ. ನೀಲಿಬೆನ್ನು ಅವರು ಹೇಳಿದ್ದು ಅಟ್ಲಾಂಟಿಕ್ ಬಂಗುಡೆಯ ಮಾತು. ನಾವು ಸಾಮಾನ್ಯವಾಗಿ ಬಂಗುಡೆ ಎಂದು ಕರೆಯುವ ಮೀನಿಗೂ ಇದೇ ಕ್ರಮ ನಡೆಯುತ್ತದೆಯೇ? ಹಾಗೂ ಹಿಡಿದ ಮೀನನ್ನು ಬಕೆಟ್ ನೀರಿನಲ್ಲಿ ಜೀವಂತ ಇಟ್ಟುಕೊಂಡು, ಚಿಕ್ಕವನ್ನು ಕೊನೆಗೆ ಬಿಟ್ಟುಬಿಡಬಹುದೇ?


ನೀಲಿಬೆನ್ನು
ಸೋಮವಾರ, ರಾತ್ರಿ 10:05

ಮೊದಲನೆಯದಕ್ಕೆ: ಅದು ಹತ್ತಿರದ ನೆಂಟ, ಆದರೆ ಬೇರೆ ಮೀನು. ಅದರ ಹೆಸರು ರಾಸ್ಟ್ರೆಲ್ಲಿಜರ್ ಕನಗುರ್ತ, ಸಾಮಾನ್ಯ ಉದ್ದ 25 ಸೆಂ.ಮೀ. ಆಸುಪಾಸು. ಅದರ ಬಾಯಿ ಅಗಲಿಸಿ ನೋಡಿದರೆ ಕಿವಿರಿನ ಒಳಬದಿಯಲ್ಲಿ ಹಕ್ಕಿಗರಿಯಂತೆ ಉದ್ದುದ್ದ ಎಳೆಗಳು ಕಾಣುತ್ತವೆ. ಬಾಯಿ ತೆರೆದು ಈಜುತ್ತಾ ನೀರಿನಲ್ಲಿರುವ ಸೂಕ್ಷ್ಮಜೀವಿಗಳನ್ನು ಆ ಜರಡಿಯಲ್ಲಿ ಸೋಸಿ ತಿನ್ನುತ್ತದೆ. ಬೆಳೆದ ಮೇಲೆ ಸಿಗಡಿಯ ಮರಿ, ಮೀನಿನ ಮರಿಗಳನ್ನೂ ತಿನ್ನುತ್ತದೆ. ಆದ್ದರಿಂದ ದೊಡ್ಡ ಗರಿ ಅದಕ್ಕೆ ಹೊಂದುವುದಿಲ್ಲ. ಸಬಿಕಿ ಎಂಬ ಜಪಾನೀ ಹೆಸರಿನಿಂದ ಸಿಗುವ, ಪುಟ್ಟ ಗಾಳಗಳಿಗೆ ಮಿನುಗುವ ಎಳೆ ಕಟ್ಟಿದ ತೆಳು ಸರ ಬಳಸಿ. ಸೀಸವೂ ಹಗುರವಿರಲಿ, ರಾಡ್ ಆಡಿಸುವುದೂ ಮೆಲ್ಲಗಿರಲಿ. ಎಣಿಸುವ ಕ್ರಮ ಮಾತ್ರ ಬದಲಾಗುವುದಿಲ್ಲ.

ಎರಡನೆಯದಕ್ಕೆ: ದಯವಿಟ್ಟು ಹಾಗೆ ಮಾಡಬೇಡಿ. ಈಜದೆ ಉಸಿರಾಡಲಾರದ ಮೀನನ್ನು ಬಕೆಟ್ಟಿನಲ್ಲಿಟ್ಟರೆ ಅದು ನಿಧಾನವಾಗಿ ಉಸಿರುಗಟ್ಟಿ ಸಾಯುತ್ತದೆ. ಬಿಡುವುದಾದರೆ ಆ ಕ್ಷಣವೇ ಬಿಡಬೇಕು. ಬಂಗುಡೆಯ ಹುರುಪೆ ಬಹಳ ನವಿರು, ಒಣಗೈಯಲ್ಲಿ ಹಿಡಿದರೆ ಚರ್ಮದ ಲೋಳೆ ಕಿತ್ತುಬರುತ್ತದೆ. ನೀರಿಗೆ ಬಿಟ್ಟಾಗ ಈಜಿಕೊಂಡು ಹೋದದ್ದನ್ನು ನಾವು ನೋಡುತ್ತೇವೆ, ಆಮೇಲೆ ಅದು ಸಾಯುವುದನ್ನು ನೋಡುವುದಿಲ್ಲ. ಚಿಕ್ಕದಾಗಿದ್ದರೆ ಕೈ ತಾಗಿಸದೆ, ಗಾಳದ ಬುಡವನ್ನು ಇಕ್ಕಳದಿಂದ ಹಿಡಿದು ನೀರಿನ ಮೇಲೆ ತಿರುವಿ ಬಿಡಿ. ಒಳಮುಳ್ಳು ಅದುಮಿದ್ದೀರಲ್ಲ, ತಾನಾಗಿ ಜಾರುತ್ತದೆ.

ಇದೇ ಕಾರಣಕ್ಕೆ "ದಿನವಿಡೀ ಹಿಡಿದು ಬಿಡುತ್ತೇನೆ" ಎಂಬುದು ಈ ಮೀನಿಗೆ ಹೊಂದುವ ಮಾತಲ್ಲ. ಬೇಕಾದಷ್ಟು ಸಿಕ್ಕಿತೆಂದರೆ ಗಾಳ ಸುತ್ತಿಡಿ, ಹಿಂಡು ಇನ್ನೂ ಕಣ್ಣೆದುರೇ ಇದ್ದರೂ. ಎಷ್ಟು ಉದ್ದದ ಮೀನನ್ನು, ಎಷ್ಟು ಸಂಖ್ಯೆಯಲ್ಲಿ ಇಟ್ಟುಕೊಳ್ಳಬಹುದೆಂಬ ನಿಯಮ ಕಡಲಿನಿಂದ ಕಡಲಿಗೆ ಬೇರೆಯಿರುತ್ತದೆ. ಹೋಗುವ ಮುನ್ನ ತಿಳಿದುಕೊಂಡು, ಉದ್ದವನ್ನು ರಾಡಿನ ಹಿಡಿಯ ಮೇಲೆ ಗೆರೆ ಹಾಕಿಟ್ಟುಕೊಂಡರೆ ಅನುಕೂಲ.


ತಣ್ಣೀರು
ಮಂಗಳವಾರ, ಬೆಳಿಗ್ಗೆ 6:50

ಹಿಡಿದ ಮೇಲಿನ ಮಾತನ್ನು ಯಾರೂ ಬರೆದಿಲ್ಲ, ಆದ್ದರಿಂದ ನಾನು ಬರೆಯುತ್ತೇನೆ. ರಾಡ್, ಸೀಸಕ್ಕಿಂತ ಮೊದಲು ಜೋಡಿಸಿಕೊಳ್ಳಬೇಕಾದದ್ದು ಐಸ್ ಪೆಟ್ಟಿಗೆ ಎಂದು ನಾನು ನಂಬುತ್ತೇನೆ.

ಬಂಗುಡೆಯ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೇರಳವಾಗಿದೆ. ಮೀನು ಸತ್ತು ಬೆಚ್ಚಗೆ ಬಿದ್ದಿದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ತಿಂದವರಿಗೆ ಕೆಲವೇ ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮುಖ ಕೆಂಪೇರುತ್ತದೆ, ತಲೆ ಸಿಡಿಯುತ್ತದೆ, ಮೈ ತುರಿಸುತ್ತದೆ, ಎದೆ ಡವಗುಟ್ಟುತ್ತದೆ. ಭಯ ಹುಟ್ಟಿಸುವ ಸಂಗತಿಯೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಬೇಯಿಸಿದರೂ ಹೋಗುವುದಿಲ್ಲ, ಫ್ರಿಜ್ಜಿನಲ್ಲಿಟ್ಟರೂ ಹೋಗುವುದಿಲ್ಲ. ವಾಸನೆ ಕೆಡುವ ಮೊದಲೇ ಅದು ಸೇರಿಕೊಂಡಿರಬಹುದು. ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿದರೆ ಆ ತುತ್ತನ್ನು ಉಗಿದು, ಮೀನನ್ನು ಬಿಸಾಡಿ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ತಡೆಯುವ ದಾರಿ ಒಂದೇ, ಮೊದಲ ನಿಮಿಷದಿಂದಲೇ ತಂಪು. ಮೀನು ಕೈಗೆ ಬಂದ ಕೂಡಲೇ ತಲೆಯ ಮೇಲೆ, ಕಣ್ಣಿನ ಹಿಂದೆ, ಪುಟ್ಟ ದೊಣ್ಣೆಯಿಂದ ಒಂದೇ ಏಟು. ಅದು ನರಳಬಾರದು. ಆಮೇಲೆ ಕಿವಿರನ್ನು ಕತ್ತರಿಸಿ, ತಲೆ ಕೆಳಗಾಗಿ ಹಿಡಿದು ರಕ್ತ ಇಳಿಸಿ. ನಂತರ ನೇರವಾಗಿ ಐಸ್‌ಗೆ. ಬರಿಯ ಐಸ್ ತುಂಡುಗಳ ಮೇಲೆ ಇಡುವುದಕ್ಕಿಂತ ಎರಡು ಪಾಲು ಐಸ್‌ಗೆ ಒಂದು ಪಾಲು ಸಮುದ್ರದ ನೀರು ಬೆರೆಸಿದ ಗಂಜಿಯಂಥ ಮಿಶ್ರಣ ಒಳ್ಳೆಯದು. ಮೀನಿನ ಮೈಗೆ ಎಲ್ಲ ಕಡೆಯಿಂದಲೂ ತಾಗುತ್ತದೆ, ಉಪ್ಪಿರುವುದರಿಂದ ಶೂನ್ಯ ಡಿಗ್ರಿಗಿಂತಲೂ ಕೆಳಗೆ ಇಳಿಯುತ್ತದೆ. ಬಿಸಿಲಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಂಗುಡೆ ಬಿದ್ದಿರುವುದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಷ್ಟು ಚೆಲುವಾದ ಮೀನು, ನಾವೇ ಕೊಂದದ್ದು, ಒಂದು ಗಂಟೆಯಲ್ಲಿ ಹಾಳಾಗುತ್ತದೆ.


ಉಬ್ಬರದಲೆಕ್ಕ
ಮಂಗಳವಾರ, ರಾತ್ರಿ 8:15

ಹೊತ್ತಿನ ಬಗ್ಗೆ ಒಂದು ಸೇರ್ಪಡೆ. ನೀವು ಮೂರು ಭಾನುವಾರವೂ ಒಂದೇ ಗಂಟೆಗೆ ಹೋಗಿದ್ದೀರಿ, ಆದರೆ ಸಮುದ್ರ ಒಂದೇ ಸ್ಥಿತಿಯಲ್ಲಿ ಇರಲಿಲ್ಲ. ದಿನಕ್ಕೆರಡು ಸಲ ಉಬ್ಬರ ಬರುವ ಕಡೆ ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಒಂದು ವಾರ ಕಳೆಯುವಷ್ಟರಲ್ಲಿ ಹೆಚ್ಚುಕಡಿಮೆ ಉಲ್ಟಾ ಆಗಿರುತ್ತದೆ. ಒಂದು ಭಾನುವಾರ ಹತ್ತು ಗಂಟೆಗೆ ನೀರು ತುಂಬಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಇಳಿದಿರುತ್ತದೆ. ಉಬ್ಬರ ತುಂಬುವ ಕೊನೆಯ ಎರಡು ಗಂಟೆ, ಇಳಿಯತೊಡಗಿದ ಮೊದಲ ಒಂದು ಗಂಟೆ ದಡದವರಿಗೆ ಒಳ್ಳೆಯದು. ಅದು ನಸುಕು ಅಥವಾ ಮುಸ್ಸಂಜೆಯೊಂದಿಗೆ ಕೂಡಿಬರುವ ದಿನವನ್ನು ಉಬ್ಬರದ ಪಟ್ಟಿಯಲ್ಲಿ ಹುಡುಕಿ.

ಆದರೆ ಅದೇ ಹೊತ್ತು ಅಪಾಯದ್ದೂ ಹೌದು. ಬಂಡೆಯ ಮೇಲೆ ನಿಂತು ಮೀನಿನ ಗುಂಗಿನಲ್ಲಿರುವಾಗ ಹಿಂದಿನ ತಗ್ಗಿನಲ್ಲಿ ನೀರು ಸೇರಿ ದಾರಿ ಮುಚ್ಚುತ್ತದೆ. ನಿಲ್ಲುವ ಮೊದಲೇ ಹಿಂತಿರುಗುವ ದಾರಿ ನೋಡಿಟ್ಟುಕೊಳ್ಳಿ. ದೊಡ್ಡ ಅಲೆಗಳು ಗುಂಪು ಗುಂಪಾಗಿ ಬರುತ್ತವೆ, ನಡುವಿನ ಶಾಂತಿಯನ್ನು ನಂಬಬಾರದು. ನೀರಿನಿಂದ ದೂರ ನಿಂತು ಇಪ್ಪತ್ತು ನಿಮಿಷ ನೋಡಿ, ಕಲ್ಲು ಎಲ್ಲಿಯವರೆಗೆ ಒದ್ದೆಯಾಗುತ್ತದೆಯೋ ಅದಕ್ಕಿಂತ ಮೇಲೆ ನಿಲ್ಲಿ. ಕಪ್ಪಗೆ, ಹಸಿರಾಗಿ ಹೊಳೆಯುವ ಕಲ್ಲಿನ ಮೇಲೆ ಕಾಲಿಡಬೇಡಿ. ಲೈಫ್ ಜಾಕೆಟ್ ಹಾಕಿಕೊಳ್ಳಿ. ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ಮನೆಯಲ್ಲಿ ಹೇಳಿ ಹೊರಡಿ. ಗುಡುಗು ಕೇಳಿದರೆ ರಾಡ್ ಕೆಳಗಿಟ್ಟು ಅಲ್ಲಿಂದ ಹೊರಟುಬಿಡಿ, ಕಾರ್ಬನ್ ರಾಡ್ ವಿದ್ಯುತ್ ಹರಿಸುತ್ತದೆ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ, ತೇಲುವ ವಸ್ತು ಎಸೆದು ಸಹಾಯಕ್ಕೆ ಕರೆ ಮಾಡಿ.

ಮೀನಿಗಾಗಿ ಹೋಗಿ ಬಾರದೇ ಉಳಿದವರೊಬ್ಬರನ್ನು ನಾನು ಬಲ್ಲೆ. ಅದಕ್ಕಾಗಿ ಇಷ್ಟು ಒತ್ತಿ ಹೇಳುತ್ತಿದ್ದೇನೆ.


ಬೆಳ್ಳಿಚಮಚ
ಮಂಗಳವಾರ, ರಾತ್ರಿ 8:40

ಉಬ್ಬರದಲೆಕ್ಕ ಅವರ ಮಾತನ್ನು ಪ್ರತಿಯೊಬ್ಬ ಹೊಸಬರೂ ಓದಬೇಕು. ಇನ್ನೊಂದು ಸಣ್ಣ ವಿಷಯ: ಟೋಪಿ, ಕನ್ನಡಕ ಇಲ್ಲದೆ ಎಸೆಯಬೇಡಿ. ಪೋಲರೈಸ್ಡ್ ಕನ್ನಡಕವಾದರೆ ನೀರಿನ ಮೇಲಿನ ಪ್ರತಿಫಲನ ಕಡಿಮೆಯಾಗಿ ಒಳಗಿನ ಮೀನೂ ಕಾಣುತ್ತದೆ, ಗಾಳದಿಂದ ಕಣ್ಣೂ ಉಳಿಯುತ್ತದೆ. ಕಡಿದ ದಾರದ ತುಂಡುಗಳನ್ನು ಮನೆಗೆ ತನ್ನಿ. ಕಾಲಿಗೆ ನೈಲಾನ್ ಸುತ್ತಿಕೊಂಡ ಕಡಲಹಕ್ಕಿಯನ್ನು ಒಮ್ಮೆ ಕಂಡವರು ದಾರ ಬಿಸಾಡಲಾರರು. ಸೀಸದ ಚಿಕ್ಕ ಗುಂಡುಗಳನ್ನು ಹಲ್ಲಿನಿಂದ ಕಚ್ಚಬೇಡಿ, ಮುಟ್ಟಿದ ಮೇಲೆ ಕೈ ತೊಳೆಯದೆ ತಿನ್ನಬೇಡಿ. ಸೀಸ ವಿಷ.


ಮೊದಲಗಾಳ
ಭಾನುವಾರ, ಬೆಳಿಗ್ಗೆ 11:20

ಈಗಷ್ಟೇ ಬಂದೆ. ಕೈಯಲ್ಲಿ ಇನ್ನೂ ಮೀನಿನ ವಾಸನೆಯಿದೆ, ಆದರೂ ಮೊದಲು ಬರೆಯಬೇಕೆನಿಸಿತು.

ಉಬ್ಬರದ ಪಟ್ಟಿಯಲ್ಲಿ ಇವತ್ತು ಏಳೂವರೆಗೆ ನೀರು ತುಂಬುತ್ತದೆಂದು ಇತ್ತು. ತಮ್ಮನನ್ನು ಕರೆದುಕೊಂಡು ಬೆಳಕು ಹರಿಯುವ ಮೊದಲೇ ಹೋದೆ. ಇಪ್ಪತ್ತು ನಿಮಿಷ ಸುಮ್ಮನೆ ನಿಂತು ಅಲೆ ನೋಡಿದೆವು. ಮೊದಲ ಎಸೆತದಲ್ಲಿ ಹದಿನಾಲ್ಕಕ್ಕೆ ತಳ ಮುಟ್ಟಿತು. ಹನ್ನೆರಡು, ಹತ್ತು, ಎಂಟು, ಏನೂ ಇಲ್ಲ. ಆರಕ್ಕೂ ಇಲ್ಲ. ಐದಕ್ಕೆ ಕಂಬಿ ಮುಚ್ಚಿ ರಾಡ್ ಎತ್ತಿದೆ, ಇಳಿಸಿದೆ, ದಾರ ಸಡಿಲವಾಯಿತು. ಬಂಡೆಯಂಚು ಅವರು ಬರೆದದ್ದು ನೆನಪಾಗಿ ಬೇಗ ಬೇಗ ಸುತ್ತಿದೆ. ಥಟ್ಟನೆ ಭಾರ ಬಂತು, ರಾಡಿನ ತುದಿ ಗಡಗಡನೆ ನಡುಗಿತು. ಎರಡು ಮೀನು. ಬೆನ್ನಿನ ಮೇಲೆ ಹಸಿರು ನೀಲಿ ಗೆರೆಗಳು, ಹೊಟ್ಟೆ ಮುತ್ತಿನ ಬಣ್ಣ. ಕಣ್ಣೆದುರೇ ಆ ಹಸಿರು ಸ್ವಲ್ಪ ಸ್ವಲ್ಪವಾಗಿ ಮಾಸಿತು. ಅದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಕೆಲ ಕ್ಷಣ ಮಾತು ಹೊರಡಲಿಲ್ಲ. ಆಮೇಲೆ ತಣ್ಣೀರು ಅವರು ಹೇಳಿದಂತೆ ಮಾಡಿದೆ.

ಐದರ ಎಣಿಕೆಯಲ್ಲೇ ಇನ್ನು ಮೂರು ಸಿಕ್ಕವು. ಒಂದು ಚಿಕ್ಕದು, ಇಕ್ಕಳದಿಂದ ತಿರುವಿದ ಕೂಡಲೇ ನೀರಿಗೆ ಜಾರಿತು. ಮನೆಯಲ್ಲಿರುವುದು ನಾಲ್ಕು ಜನ, ನಾಲ್ಕು ಮೀನು. ಅಲ್ಲಿಗೆ ಗಾಳ ಸುತ್ತಿದೆ. ಹಿಂಡು ಇನ್ನೂ ಅಲ್ಲೇ ಇತ್ತು, ತಮ್ಮನಿಗೆ ಅದೇ ಅಚ್ಚರಿ.

ಆ ಹಿರಿಯರೂ ಬಂದಿದ್ದರು. ಎಷ್ಟು ಎಣಿಸುತ್ತಿದ್ದೀರಿ ಎಂದು ಕೇಳಿದೆ. ನಕ್ಕು, ಹಸ್ತ ಬಿಡಿಸಿ ಐದು ಬೆರಳು ತೋರಿಸಿದರು.


ಬಂಡೆಯಂಚು
ಭಾನುವಾರ, ಬೆಳಿಗ್ಗೆ 11:41

ಓದಿ ಬಹಳ ಸಂತೋಷವಾಯಿತು. ಒಂದು ಚಿಕ್ಕ ಪುಸ್ತಕದಲ್ಲಿ ದಿನ, ಉಬ್ಬರದ ಹೊತ್ತು, ಗಾಳಿಯ ದಿಕ್ಕು, ನೀರಿನ ಬಣ್ಣ, ಎಣಿಕೆ ಇಷ್ಟನ್ನು ಬರೆದಿಡಿ. ಬರಿಗೈಯಲ್ಲಿ ಬಂದ ದಿನವನ್ನೂ ಬರೆಯಿರಿ. ಎರಡು ವರ್ಷ ಕಳೆದರೆ ನಿಮ್ಮ ದಡದ ಬಗ್ಗೆ ಆ ಪುಸ್ತಕಕ್ಕೆ ತಿಳಿದಷ್ಟು ನಮಗಾರಿಗೂ ತಿಳಿದಿರುವುದಿಲ್ಲ.


ಹಗ್ಗಗಂಟು
ಭಾನುವಾರ, ಮಧ್ಯಾಹ್ನ 12:10

ಲೀಡರ್ ಗಂಟು ಹೇಗಿದೆ? ರಾಡಿನ ಉಂಗುರಗಳಿಗೆ ತಾಗಿ ತಾಗಿ ಒರಟಾಗಿರುತ್ತದೆ, ಉಗುರಿನಿಂದ ಸವರಿ ನೋಡಿ. ರೀಲನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿಡಿ, ಉಪ್ಪು ಒಳಗೆ ಸೇರಿದರೆ ವಾರದಲ್ಲಿ ಹಿಡಿದುಕೊಳ್ಳುತ್ತದೆ.


ಮೊದಲಗಾಳ
ಭಾನುವಾರ, ಮಧ್ಯಾಹ್ನ 12:32

ಸವರಿ ನೋಡಿದೆ, ಒಂದು ಕಡೆ ತರಿತರಿಯಾಗಿತ್ತು. ಕತ್ತರಿಸಿ ಹೊಸದಾಗಿ ಕಟ್ಟಿದೆ. ಈ ಸಲ ಮೊದಲನೆಯ ಪ್ರಯತ್ನದಲ್ಲೇ ಗಂಟು ಕೂತಿತು.